ಅಮಾವಾಸ್ಯೆ ಮರುದಿನದ ಮಾನಿಟರ್

ಕುಂದಗೋಳದ ಬಸ್ ಸ್ಟ್ಯಾಂಡ್ ಹತ್ತಿರ ನನ್ನದೊಂದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಎಲ್ಲದಕ್ಕೂ ಮುಖ ಕೂಡಿಸಿ ಕೊಡುವ ಕೆಲಸ. ಲ್ಯಾಪ್‌ಟಾಪಿನ ಪರದೆ ಒಡೆದು ಅರ್ಧ ಕಪ್ಪಾಗಿರುವುದರಿಂದ ಒಂದು ಟೈಪ್-ಸಿ ಕೇಬಲ್ ಹಚ್ಚಿ ದೊಡ್ಡ ಮಾನಿಟರಿನಲ್ಲೇ ಎಲ್ಲ ಮಾಡುತ್ತೇನೆ. ಆ ಕೇಬಲ್ಲಿನಷ್ಟು ಹೇಸಿಗೆ ಹುಟ್ಟಿಸಿದ ವಸ್ತು ನನ್ನ ಜನ್ಮದಲ್ಲಿ ಇನ್ನೊಂದಿಲ್ಲ.

ಅಮಾವಾಸ್ಯೆಯ ಮರುದಿನ ಅಂಗಡಿ ತೆಗೆಯುವ ಮೊದಲೇ ಯರಗುಪ್ಪಿಯ ಒಬ್ಬ ಮುದುಕಿ ಮಗನ ಜೊತೆ ಬಂದು ಕಟ್ಟೆಯ ಮೇಲೆ ಕೂತಿದ್ದಳು. ನಾಳೆ ಆಕೆಯ ಗಂಡನ ಮೊದಲ ಪುಣ್ಯತಿಥಿ. ಫ್ಲೆಕ್ಸ್ ತಯಾರಿತ್ತು, ಪ್ರಿಂಟ್ ಬಾಕಿ.

"ಮಾರಿ ನೋಡಿದ ಮ್ಯಾಲೆ ಪ್ರಿಂಟ್ ಹೊಡಿ ಯಪ್ಪಾ. ಅವರದು ಇದೊಂದ ಫೋಟೋ ಐತಿ."

"ನೋಡೂದೇನೈತಿ ಬೇ, ಹೊಡೀಲಿ ಬಿಡ," ಎಂದ ಮಗ. ಮೊಬೈಲಿನಲ್ಲಿ ತೋರಿಸೋಣವೆಂದರೆ ಹೆಬ್ಬೆರಳಿನಷ್ಟು ಮುಖ ಆಕೆಯ ಕಣ್ಣಿಗೆ ಕಾಣದು.

ಮಾನಿಟರ್ ಹಚ್ಚಿದೆ. 'ನೋ ಸಿಗ್ನಲ್' ಎಂದು ತೋರಿಸಿ ಕಣ್ಣು ಮುಚ್ಚಿತು. ಕೇಬಲ್ ತಿರುವಿ ಹಾಕಿದೆ. ಲ್ಯಾಪ್‌ಟಾಪ್ ಆರಿಸಿ ಮತ್ತೆ ಚಾಲೂ ಮಾಡಿದೆ. ಅದರ ಬದಿಗೆ ಅವಳಿ ಮಕ್ಕಳಂತೆ ಎರಡು ತೂತು. ಚಿತ್ರ ಬರುವುದು ಒಂದರಿಂದ ಮಾತ್ರ, ಇನ್ನೊಂದು ಬರೀ ಚಾರ್ಜಿಗೆ, ಮೇಲೊಂದು ಗುರುತೂ ಇಲ್ಲ. ಮಾಡಿದವನ ಮುಖಕ್ಕೆ ಉಗಿಯಬೇಕು ಎನಿಸಿತು.

ಬಾಜೂ ಮೊಬೈಲ್ ಅಂಗಡಿಯವನು ಹೊಸ ಕೇಬಲ್ ತಂದುಕೊಟ್ಟ. "ಎಲ್ಲಾ ಒಂದರೀ, ತುದಿ ನೋಡ್ರಿ." ತುದಿಯೇನೋ ಒಂದೇ. ಅದು ಫೋನ್ ಚಾರ್ಜ್ ಮಾಡುವ ಕೇಬಲ್. ಕರೆಂಟ್ ದಾಟಿಸುತ್ತದೆ, ಚಿತ್ರ ದಾಟಿಸುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಗೊತ್ತಿಲ್ಲದಿದ್ದರೂ ಗೊತ್ತಿದ್ದವರ ಹಾಗೆ ಮಾತಾಡುವವರನ್ನು ಕಂಡರೆ ನನಗೆ ವಾಕರಿಕೆ ಬರುತ್ತದೆ. ಅದನ್ನು ಅವನ ಕೈಗೇ ತುರುಕಿದೆ.

ನನ್ನ ಹಳೆಯ ಕೇಬಲ್ಲನ್ನೇ ಮತ್ತೆ ಒತ್ತಿದಾಗ ಅದು ಪೂರ್ತಿ ಒಳಗೆ ಹೋಗುತ್ತಿಲ್ಲ ಎನಿಸಿತು. ಟಾರ್ಚ್ ಬಿಟ್ಟು ನೋಡಿದೆ. ತೂತಿನ ತುಂಬ ಕೆಂಪಗೆ ಮೆತ್ತಿಕೊಂಡ ಕುಂಕುಮ! ವಿಭೂತಿ, ತೆಂಗಿನಕಾಯಿ ನೀರು ಎಲ್ಲ ಕೂಡಿ ಹುಳಿ ವಾಸನೆ ಬೇರೆ. ಅಮಾವಾಸ್ಯೆಗೆ ಅಂಗಡಿ ಪೂಜೆ ಮಾಡುವವಳು ನನ್ನ ಹೆಂಡತಿ. ಫೋನ್ ಮಾಡಿ ಕೂಗಾಡಿದೆ.

"ಮುಚ್ಚಳದ ಮ್ಯಾಲೆ ಹಚ್ಚಿದ್ರ ಕಲಿ ಬೀಳತೈತಿ ಅಂತ ಹೋದ ಅಮಾಸಿಗೆ ನೀವ ಬೈದಿದ್ರಿ. ಅದಕ್ಕ ಬಾಜೂಕ ಹಚ್ಚೀನ್ರಿ," ಎಂದಳು.

ಫೋನ್ ಇಟ್ಟು, ಲ್ಯಾಪ್‌ಟಾಪ್ ಆರಿಸಿ, ಕಸಬರಿಗೆಯ ಕಡ್ಡಿ ಸೀಳಿ ಕೆರೆಯುತ್ತ ಕೂತೆ. ಕಿವಿಯ ಗುಗ್ಗೆ ತೆಗೆದ ಹಾಗೆ ಉಂಡೆ ಉಂಡೆ ಬಂತು. ಮುದುಕಿ ಪಕ್ಕದಲ್ಲೇ ನಿಂತು ಕಾಯುತ್ತಿದ್ದಳು. ಕೊನೆಗೆ ಕೇಬಲ್ ಟಕ್ಕೆಂದು ಕೂತಿತು. ಲ್ಯಾಪ್‌ಟಾಪ್ ಚಾಲೂ ಮಾಡಿದೆ, ಮಾನಿಟರ್ ಬೆಳಗಿತು. ಫೈಲ್ ತೆರೆದರೆ ಆಕೆಯ ಗಂಡನ ಮುಖ ಪರದೆ ತುಂಬಿ ನಿಂತಿತು.

ಆಕೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದಳು.

"ಇಂವ ಯಾಂವ?"

"ಅಪ್ಪನ ಬೇ!" ಎಂದ ಮಗ.

"ನಿಮ್ಮಪ್ಪ ಕೋಟ ಯಾವಾಗ ಹಾಕಿದ್ರು? ಹಣಿ ಮ್ಯಾಲೆ ಎತ್ತು ಹಾಯ್ದ ಕಲಿ ಎಲ್ಲಿ? ಅವರು ಕರ್ರಗಿದ್ರೋ."

ಸತ್ತವರನ್ನೆಲ್ಲ ಬೆಳ್ಳಗೆ ಮಾಡಿ ಕೋಟು ತೊಡಿಸುವುದು ನಮ್ಮ ಧಂದೆಯ ರೂಢಿ; ಯಾರೂ ಹೇಳಿರುವುದಿಲ್ಲ, ಯಾರೂ ಕೇಳುವುದಿಲ್ಲ. ಆ ನುಣ್ಣನೆಯ ಬಿಳಿ ಮುಖ ಈಗ ನನಗೂ ಅಸಹ್ಯವಾಯಿತು. ಕೋಟು ತೆಗೆದೆ. ಹಣೆಯ ಕಲೆ ವಾಪಸ್ ತಂದೆ. ಬಣ್ಣ ಇಳಿಸಿದೆ.

"ಇನ್ನೂ ಕರ್ರಗ," ಎಂದಳು.

ಇನ್ನಷ್ಟು ಇಳಿಸಿದೆ. ಮುದುಕಿ ಒಂದು ಹೆಜ್ಜೆ ಹಿಂದೆ ಸರಿದು, ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.