ಶಹಾಪುರದ ದೀಪಕ್ಕೆ ಬೆಳಕು ತಂದ ಸುಗಲಮ್ಮ

ಪೂರ್ವ ಇನ್ನೂ ಕೆಂಪಾಗಿಲ್ಲ. ಯಾದಗಿರಿಯ ಹತ್ತಿ ಗಿರಣಿಯ ಹಿಂದಿನ ತಗಡಿನ ಕೋಣೆಯಲ್ಲಿ ಸುಗಲಮ್ಮ ಆಲೂಗಡ್ಡೆ ಹೆಚ್ಚುತ್ತಿದ್ದಾರೆ. ಪಲ್ಯಕ್ಕಲ್ಲ! ಗಿರಣಿಯ ಡೈನಮೋದಿಂದ ದೀಪಗಳನ್ನು ಹಾಯ್ದು ಬಂದ ಎರಡು ತಾಮ್ರದ ತಂತಿಗಳನ್ನು ಒಂದು ಹೋಳಿನೊಳಗೆ ಚುಚ್ಚಿ, ಬಗ್ಗಿ ನೋಡುತ್ತಾರೆ. ಒಂದು ತಂತಿಯ ಸುತ್ತ ಹಸಿರು ಮೂಡುತ್ತದೆ. ಅದು ಪ್ಲಸ್, ಬ್ಯಾಟರಿಯ ಪ್ಲಸ್ ಮೊಳೆಗೇ ಕಟ್ಟಬೇಕು. ಅದಲುಬದಲಾದರೆ ಬ್ಯಾಟರಿಯ ಕಥೆ ಮುಗಿಯಿತು.

ಗೋಡೆಯ ಮೇಲೆ ನಾಲ್ಕು ದೀಪ ಹೊತ್ತಿಕೊಳ್ಳುತ್ತವೆ. ಇವು ಬೆಳಕಿಗೆಂದು ಇಟ್ಟ ದೀಪಗಳಲ್ಲ, ಕರೆಂಟಿಗೆ ಅಡ್ಡ ನಿಲ್ಲುವ ಕಾವಲುಗಾರರು. ಡೈನಮೋದ್ದು ನೂರಾ ಆರು ವೋಲ್ಟಿನ ರಭಸ, ಬ್ಯಾಟರಿಯದು ಬರೀ ಆರು. ನೇರವಾಗಿ ಬಿಟ್ಟರೆ ಆಸಿಡ್ ಕುದಿದು ಉಕ್ಕುತ್ತದೆ. ಸುಗಲಮ್ಮ ಮೀಟರಿನ ಮುಳ್ಳು ನೋಡಿ ಬಾಯಲ್ಲೇ ಲೆಕ್ಕ ಹಾಕುತ್ತಾರೆ.

“ದೀಪದ ಮ್ಯಾಲ ನೂರು ವೋಲ್ಟ್, ಹರಿಯೋದು ಎರಡು ಆಂಪಿಯರ್. ನೂರಕ್ಕ ಎರಡರಿಂದ ಭಾಗ ಕೊಟ್ರ ಐವತ್ತು. ಅದು ದೀಪ ಹಾಕೋ ತಡಿ, ಓಮ್ ಅಂತಾರ್ರಿ. ನೂರಕ್ಕ ಎರಡರಿಂದ ಗುಣಿಸಿದ್ರ ಇನ್ನೂರು ವ್ಯಾಟ್. ಅಷ್ಟು ದೀಪಾನ ತಿಂತಾವ. ಉಳಿದ ಚೂರು ಬ್ಯಾಟ್ರಿ ಹೊಟ್ಟಿಗಿ.” ಹೇಳಿ ನಗುತ್ತಾರೆ. ಉಟ್ಟ ಸೀರೆಯ ಸೆರಗೆಲ್ಲ ಆಸಿಡ್ ತಿಂದ ತೂತು.

ಭೀಮಾ ದಂಡೆಯ ಹಳ್ಳಿಯಿಂದ ಹತ್ತಿ ಬಿಡಿಸುವ ಕೂಲಿಗೆಂದು ಬಂದವರು ಸುಗಲಮ್ಮ. ಗಂಡ ಯಂಕಣ್ಣ ಇದೇ ಕೋಣೆಯಲ್ಲಿ ಬ್ಯಾಟರಿ ಚಾರ್ಜ್ ಮಾಡುತ್ತಿದ್ದರು. ಆಸಿಡ್ಡಿನ ಹೊಗೆ ಕುಡಿದು ಕುಡಿದು ಎದೆ ಕೆಟ್ಟು, ಕೆಮ್ಮು ಅವರನ್ನು ಹಾಸಿಗೆ ಹಿಡಿಸಿತು. ಮಲಗಿದಲ್ಲಿಂದಲೇ ಹೆಂಡತಿಗೆ ಅಂಕಿ ಕಲಿಸಿದರು, ಮೀಟರು ಓದುವುದನ್ನು ಕಲಿಸಿದರು. ಸಾಲೆಯ ಮೆಟ್ಟಿಲು ಹತ್ತದ ಹೆಂಗಸು ಇದ್ದಿಲಿನಿಂದ ಗೋಡೆ ಗೀಚಿ ಗೀಚಿ ಭಾಗಾಕಾರ ಕಲಿತರು. ಈಗ ಶಹಾಪುರ, ಸುರಪುರದ ಬಸ್ಸುಗಳ ಬ್ಯಾಟರಿ, ದವಾಖಾನೆಯ ಬ್ಯಾಟರಿ, ಸಾಹುಕಾರರ ರೇಡಿಯೋ ಬ್ಯಾಟರಿ ಎಲ್ಲವೂ ಇವರ ಕೈಗೇ ಬರುತ್ತವೆ.

ಹೋದ ವಾರ ಮಾತ್ರ ಆ ಕೆಲಸ ಕೈಬಿಟ್ಟು ಹೋಗುವುದರಲ್ಲಿತ್ತು. ಶಹಾಪುರದ ದವಾಖಾನೆಯಲ್ಲಿ ಗಾಯ ಹೊಲಿಯುವಾಗ ಡಾಕ್ಟರ್ ಸಾಹೇಬರು ಉರಿಸುವ ದೀಪ ಮಂಕಾಯಿತು. ಬ್ಯಾಟರಿ ವಾಪಸು ಬಂತು. ಚಾರ್ಜ್ ಮಾಡಿ ಕಳಿಸಿದರೆ ಮತ್ತೆ ಮಂಕು, ಮತ್ತೆ ವಾಪಸು. ಗಿರಣಿಯ ಕಾರಭಾರ ನೋಡುವ ಮುನೀಮರು ಸಿಡಿದುಬಿದ್ದರು: “ಹೆಣ್ಣಮಗಳ ಕೈಗಿ ಕೊಟ್ಟಿದ್ದ ತಪ್ಪಾತು. ಇನ್ನೊಂದು ಸರ್ತಿ ಹಿಂಗಾದ್ರ ನಾಳಿಂದ ಬರಬ್ಯಾಡ.”

ಸುಗಲಮ್ಮನಿಗೆ ದಿಗಿಲಾಯಿತು. ಗಂಡನ ಔಷಧಿ, ಮನೆಯ ಒಲೆ ಎರಡೂ ಈ ಕೆಲಸದ ಮೇಲೇ ನಿಂತಿವೆ. ಕೋಣೆಯಲ್ಲಿ, ದವಾಖಾನೆಯಲ್ಲಿರುವಂಥದೇ ಒಂದು ಬಸ್ಸಿನ ದೀಪವನ್ನು ಆ ಬ್ಯಾಟರಿಗೆ ಹಚ್ಚಿ ನೋಡಿದರು. ಆರು ವೋಲ್ಟ್, ಮೂರು ಆಂಪಿಯರ್. ಗುಣಿಸಿದರೆ ಹದಿನೆಂಟು ವ್ಯಾಟ್, ದೀಪ ಝಗಝಗ. ಬ್ಯಾಟರಿಗೆ ಏನೂ ಆಗಿಲ್ಲ! ಹಾಗಾದರೆ ಅಲ್ಲೇಕೆ ಕತ್ತಲೆ? ಬ್ಯಾಟರಿಯನ್ನೂ ಮೀಟರನ್ನೂ ಹೊತ್ತು ಶಹಾಪುರದ ಬಸ್ಸು ಹತ್ತಿದರು.

ದವಾಖಾನೆಯಲ್ಲಿ ಕಂಪೌಂಡರ್ ತಿಮ್ಮಣ್ಣ ಬ್ಯಾಟರಿ ಇಸಿದುಕೊಂಡು ನೇರ ಹೊರಗಿನ ಪಡಸಾಲೆಗೆ ನಡೆದ. ಅಲ್ಲಿಂದ ಕಿಟಕಿ ತೂರಿ, ಗೋಡೆ ಸುತ್ತಿ, ಉದ್ದಕ್ಕೆ ಒಳಗೆ ಹೋಗಿತ್ತು ಸಣ್ಣನೆಯ ಕಬ್ಬಿಣದ ತಂತಿ. “ಒಳಗಿಟ್ರ ಸಿಡೀತದ ಅಂತ ಪೇಷಂಟ್‌ಗೋಳು ಎದ್ದು ಓಡ್ತಾರವ್ವ, ಅದಕ್ಕ ಈಗೀಗ ಹೊರಗ ಇಡಾಕತ್ತೀನಿ,” ಎಂದ. ಪಾಪ, ಅವನದೂ ತಪ್ಪಲ್ಲ.

ಸುಗಲಮ್ಮ ಮೀಟರು ಹಚ್ಚಿದರು. ಬ್ಯಾಟರಿಯ ಬಳಿ ಆರು ವೋಲ್ಟ್, ಒಳಗೆ ದೀಪದ ಬಳಿ ಮೂರೇ. ಹರಿಯುವುದು ಒಂದೂವರೆ ಆಂಪಿಯರ್. ಕಳೆದುಹೋದ ಮೂರನ್ನು ಒಂದೂವರೆಯಿಂದ ಭಾಗಿಸಿದರೆ ಎರಡು ಓಮ್, ಅಷ್ಟೂ ತಂತಿಯದೇ ತಡೆ. ದೀಪಕ್ಕೆ ದಕ್ಕಿದ್ದು ಹದಿನೆಂಟರ ಬದಲು ನಾಲ್ಕೂವರೆ ವ್ಯಾಟ್.

“ರೂಪಾಯಿ ಬೆಳಕು ಕಳಿಸಿದ್ರ ದೀಪಕ್ಕ ಮುಟ್ಟಾಕತ್ತಿದ್ದು ಬರೇ ನಾಕಾಣೆ. ಅದನ್ನ ನೋಡಿ ನನ್ನ ಎದಿ ಮ್ಯಾಲಿನ ಕಲ್ಲ ಇಳದಂಗಾತ್ರಿ. ನಿಂತಲ್ಲೇ ಅತ್ತುಬಿಟ್ಟೆ,” ಎಂದು ಈಗ ನೆನೆಯುತ್ತಾರೆ ಸುಗಲಮ್ಮ.

ಅಳುತ್ತ ನಿಲ್ಲಲು ಹೊತ್ತಿರಲಿಲ್ಲ. ಕಾಲಿಗೆ ಕುಡುಗೋಲು ತಗುಲಿದ ಗೋಗಿ ಹಳ್ಳಿಯ ಚಮನಬೀ ಮೇಜಿನ ಮೇಲೆ ಮಲಗಿದ್ದಳು. ಸುಗಲಮ್ಮ ಬ್ಯಾಟರಿಯನ್ನು ಒಳಗೆ ತಂದಿಟ್ಟು, ಚೀಲದಲ್ಲಿ ತಂದಿದ್ದ ದಪ್ಪ ತಾಮ್ರದ ತಂತಿಯನ್ನು ಗಿಡ್ಡವಾಗಿ ಕತ್ತರಿಸಿ ಕಟ್ಟಿದರು. ಚಮನಬೀ ಹೌಹಾರಿ ಎದ್ದು ಕುಳಿತಳು: “ಯವ್ವಾ, ಅದು ಸಿಡಿದ್ರ?”

“ಸಿಡಿದ್ರ ಮೊದಲ ನನಗ ಸಿಡೀತದ. ನಾ ಇಲ್ಲೇ ಕುಂಡರ್ತೀನಿ, ನೀ ಮಲಕೋ,” ಎಂದು ಸುಗಲಮ್ಮ ಬ್ಯಾಟರಿ ಪೆಟ್ಟಿಗೆಯ ಮೇಲೆ ಕೈಯಿಟ್ಟು ನೆಲದ ಮೇಲೆ ಕುಳಿತರು. ದೀಪ ಭಗ್ಗನೆ ಬೆಳಗಿತು. “ಅಬಬಾ!” ಎಂದು ತಿಮ್ಮಣ್ಣ ಕಣ್ಣು ಮುಚ್ಚಿಕೊಂಡ. ಡಾಕ್ಟರ್ ಸಾಹೇಬರು ಸೂಜಿ ಎತ್ತಿಕೊಂಡರು. ಹೊಲಿಗೆ ಮುಗಿದ ಮೇಲೆ ಮುನೀಮರಿಗೆ ತಾವೇ ಹೇಳಿ ಕಳಿಸಿದರು: ಬ್ಯಾಟರಿ ಚೊಕ್ಕ ಇದೆ, ಚಾರ್ಜ್ ಈಕೆಯೇ ಮಾಡಲಿ.

ಸಂಜೆ ಮನೆ ಸೇರಿದಾಗ ಯಂಕಣ್ಣ ಕೇಳಿದ್ದು ಒಂದೇ: “ದೀಪಕ್ಕ ಎಷ್ಟು ಮುಟ್ಟಿತು?”

“ಆರಕ್ಕ ಆರು,” ಎಂದರು ಸುಗಲಮ್ಮ. ಕೆಮ್ಮುತ್ತಲೇ ಯಂಕಣ್ಣ ನಕ್ಕರು. ಆ ರಾತ್ರಿ ಇಬ್ಬರೂ ಹೊಟ್ಟೆ ತುಂಬ ಉಂಡು ಮಲಗಿದರು.

ಈಗ ಬಿಸಿಲು ತಗಡಿಗೆ ತಾಗುತ್ತಿದೆ. ಬಾಗಿಲಲ್ಲಿ ನಿಂತ ಮುನೀಮರು ಸುರಪುರದ ಬಸ್ಸಿನ ಬ್ಯಾಟರಿಯನ್ನು ಒಳಗೆ ಇಡಿಸಿ, “ಸಂಜಿಗಿ ಬೇಕಂತ ನೋಡವ್ವ,” ಎಂದು ಹೋಗುತ್ತಾರೆ. ‘ಅವ್ವ’ ಎಂದದ್ದು ಇದೇ ಮೊದಲಂತೆ. ಇನ್ನೇನು ಬೇಕು ನಿಮಗೆ ಎಂದು ಕೇಳಿದರೆ ಸುಗಲಮ್ಮ ಮೀಟರಿನ ಮುಳ್ಳಿನಿಂದ ಕಣ್ಣು ತೆಗೆಯುವುದಿಲ್ಲ.

“ಏನೂ ಬ್ಯಾಡ್ರಿ. ಕೈಯಾಗ ಕಸುವು ಇರೋತನ ನಾಳಿ ಬರಬ್ಯಾಡ ಅಂತ ಯಾರೂ ಅನಬಾರದು. ಅಷ್ಟಾದ್ರ ಸಾಕು.”