ಅಮಾವಾಸ್ಯೆಯ ಮೆಣಸಿನಕಾಯಿ

ನಮ್ಮ ಮನೆಯವರಿಗೆ ದಮ್ಮು ಹತ್ತಿದ್ದು ಗಿರಣಿಯಿಂದ. ಅದರಲ್ಲಿ ಸಂಶಯ ಇರಲಿಲ್ಲ. ಹತ್ತಿ ಹಿಂಜುವ ಖಾತೆಯಲ್ಲಿ ಹದಿನಾರು ವರ್ಷ ದುಡಿದವರು. ಸಂಜೆ ಪಾಳಿ ಮುಗಿಸಿ ಬಂದರೆ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಬಿಳಿ. ಮದುವೆಯಾಗಿ ಬೈಕುಲ್ಲಾದ ಚಾಳಿಗೆ ಬಂದ ಮೊದಲ ದಿನ, ನನ್ನನ್ನು ಮುದುಕನಿಗೆ ಕೊಟ್ಟರೇನೋ ಎಂದು ಹೆದರಿದ್ದೆ. ಅವರು ಮೈ ತೊಳೆದುಕೊಂಡು ಬಂದ ಮೇಲೆ ಸಮಾಧಾನವಾಯಿತು.

ಧೂಳು ಹೋಗುತ್ತಿತ್ತು, ದಮ್ಮು ಹೋಗಲಿಲ್ಲ. ತಿಂಗಳಿಗೊಮ್ಮೆ ಜೋರಾಗಿ ಬರುತ್ತಿತ್ತು. ನಾಲ್ಕೈದು ದಿನ ಗೋಡೆಗೆ ಒರಗಿ, ಮೊಣಕಾಲ ಮೇಲೆ ಕೈ ಊರಿ, ಉಸಿರಿಗಾಗಿ ಹೋರಾಡುತ್ತ ಕೂರುತ್ತಿದ್ದರು. ಒಂದು ಮಳೆಗಾಲದ ಮೊದಲಲ್ಲಿ ಖಾತೆಯಲ್ಲಿ ಆಳುಗಳನ್ನು ಇಡುವ, ಬಿಡಿಸುವ ಜಾಬರ್ ಕಡ್ಡಿ ಮುರಿದಂತೆ ಹೇಳಿದ: ಹೀಗೆ ತಿಂಗಳು ತಿಂಗಳು ಮನೆಯಲ್ಲಿ ಕೂರುವ ಮನುಷ್ಯ ನನಗೆ ಬೇಡ. ದೀಪಾವಳಿಯವರೆಗೆ ನೋಡುತ್ತೇನೆ. ಸುಧಾರಿಸಿದರೆ ಬಟ್ಟೆ ಮಡಚುವ ಖಾತೆಗೆ ಹಾಕಿಸುತ್ತೇನೆ, ಅಲ್ಲಿ ಧೂಳಿಲ್ಲ. ಇಲ್ಲವಾದರೆ ಊರಿನ ಗಾಡಿ ಹತ್ತಲಿ.

ಊರಿಗೆ ಹೋಗಲು ನನಗೆ ಮನಸ್ಸಿರಲಿಲ್ಲ. ಒಂದೇ ಖೋಲಿಯಾದರೂ ಅದರಲ್ಲಿ ನಾನೇ ಯಜಮಾನಿ. ಊರಲ್ಲಿ ಮೂವರು ನೆಗೆಣ್ಣಿಯರ ಕೆಳಗೆ ನಾಲ್ಕನೆಯವಳು.

ಹಾಗಾಗಿ ಇಷ್ಟು ವರ್ಷ ಮಾಡುತ್ತ ಬಂದ, ನನಗೆ ಗೊತ್ತಿದ್ದ ಮದ್ದನ್ನೇ ಬಿಡದೆ ಮಾಡಿದೆ. ಪ್ರತಿ ಅಮಾವಾಸ್ಯೆಯ ಸಂಜೆ ಅವರನ್ನು ಮಣೆಯ ಮೇಲೆ ಕೂರಿಸಿ, ಐದು ಒಣಮೆಣಸಿನಕಾಯಿ, ಒಂದು ಮುಷ್ಟಿ ಉಪ್ಪು ಹಿಡಿದು ಮೂರು ಸಲ ಇಳಿತೆಗೆದು, ಇದ್ದಿಲ ಸಿಗಡಿಯ ಕೆಂಡಕ್ಕೆ ಸುರಿಯುತ್ತಿದ್ದೆ. ದೃಷ್ಟಿ ಪಕ್ಕದ ಖೋಲಿಗೆ ಹೋಗಬಾರದು ನೋಡಿ, ಅದಕ್ಕೆ ಬಾಗಿಲು ಹಾಕಿಕೊಂಡೇ ಮಾಡುತ್ತಿದ್ದೆ. ಕಿಟಕಿಯನ್ನೂ ಹಾಕುತ್ತಿದ್ದೆ.

ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ, ಆಗಿರದಿದ್ದರೆ ಬರುತ್ತದೆ ಎನ್ನುವುದು ನಮ್ಮ ಕಡೆಯ ಲೆಕ್ಕ. ನಮ್ಮ ಖೋಲಿಯಲ್ಲಿ ಪ್ರತಿ ಸಲ ಕಣ್ಣು ಕಿತ್ತು ಬರುವಷ್ಟು ಘಾಟು. ಪಕ್ಕದ ಖೋಲಿಯ ವಿಜಾಪುರದ ಅಕ್ಕನನ್ನು ಕೇಳಿದೆ.

“ಅಕ್ಕಾ, ಘಾಟ ಬಂತಂದ್ರ ದೃಷ್ಟಿ ಇಲ್ಲಂತ ಅಲ್ಲೇನ?”

“ದೃಷ್ಟಿ ಇಲ್ಲಂದ್ರ ನಿನ್ನ ಗಂಡ ಯಾಕ ಹಂಗ ತೇಕತಾನ? ನೀ ಸುಡೂದು ಬ್ಯಾಡಗಿ ಮೆಣಸಿನಕಾಯಿ. ಅದು ಸಾರಿನ ಬಣ್ಣಕ್ಕ ಹಾಕೂದು. ಅದಕ್ಕ ಯಾವ ದೃಷ್ಟಿ ಹೆದರತೈತಿ? ಖಾರಂದು ತಗೊಂಬಾ.”

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ನಂಬಿದೆ.

ಅದೇ ಹೊತ್ತಿಗೆ ದವಾಖಾನೆಯ ಡಾಕ್ಟರ್ ಒಂದು ಮಾತು ಹೇಳಿದರು. ಅವರು ಆಡುತ್ತಿದ್ದದ್ದು ಹಿಂದಿ, ನನಗೆ ತಿಳಿದಷ್ಟು ಹೇಳುತ್ತೇನೆ. ನೋಡು ಬಾಯಿ, ನಿನ್ನ ಗಂಡನ ಪುಪ್ಪುಸ ಹಾಳಾಗಿದೆ, ಹೊಸದು ಸಿಗುವುದಿಲ್ಲ. ಇದನ್ನು ಕೆಣಕುವುದು ಏನು ಎಂದು ಹುಡುಕು. ದಮ್ಮು ಯಾವತ್ತು ಬಂತು ಎನ್ನುವುದಷ್ಟೇ ಸಾಲದು, ಅದರ ಹಿಂದಿನ ದಿನ ಮನೆಯಲ್ಲಿ ಏನಾಯಿತು ಅದನ್ನು ಬರೆದಿಡು.

ಬರೆಯುವುದು ಎಲ್ಲಿ ಬಂತು? ನಾನು ಎರಡನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಗೋಡೆಯ ಕ್ಯಾಲೆಂಡರಿನಲ್ಲಿ ಕುಂಕುಮದ ಬೊಟ್ಟು ಇಡುತ್ತ ಹೋದೆ. ಎದೆ ಬಿಗಿಯಾದ ದಿನ ಸಣ್ಣ ಬೊಟ್ಟು, ಮಲಗಿಬಿಟ್ಟ ದಿನ ದೊಡ್ಡದು. ಸಣ್ಣವು ಸೋಮವಾರದ ಮನೆಗಳಲ್ಲಿ ಸಾಲಾಗಿ ನಿಂತವು. ಅದು ಹೊಸದೇನಲ್ಲ, ರವಿವಾರ ರಜೆ ಮುಗಿಸಿ ಧೂಳಿಗೆ ಹೊಕ್ಕ ದಿನ ಆ ಖಾತೆಯ ಎಲ್ಲರಿಗೂ ಎದೆ ಬಿಗಿಯುತ್ತಿತ್ತು. ದೊಡ್ಡ ಬೊಟ್ಟುಗಳನ್ನು ನೋಡಿದರೆ, ಎರಡು ತಿಂಗಳೂ ಅಮಾವಾಸ್ಯೆಯ ಕರಿ ಚುಕ್ಕೆಯ ಮರುದಿನವೇ!

ನನಗೆ ಗುಟ್ಟು ಸಿಕ್ಕಿತು ಎಂದುಕೊಂಡೆ. ಕೆಣಕುವುದು ಅಮಾವಾಸ್ಯೆ. ಅಮಾವಾಸ್ಯೆಯನ್ನು ತಪ್ಪಿಸಲು ಆಗುತ್ತದೆಯೇ? ಆಗುವುದಿಲ್ಲ. ಹಾಗಿದ್ದರೆ ದೃಷ್ಟಿಯನ್ನು ಗಟ್ಟಿಯಾಗಿ ತೆಗೆಯಬೇಕು. ಶ್ರಾವಣದ ಅಮಾವಾಸ್ಯೆಗೆ ಬಜಾರಿನಿಂದ ಗಿಡ್ಡ ಖಾರದ ಮೆಣಸಿನಕಾಯಿ ತಂದು, ಐದರ ಬದಲು ಒಂಬತ್ತು ಸುಟ್ಟೆ. ಬಾಗಿಲ ಸಂದಿಗೆ ಬಟ್ಟೆಯನ್ನೂ ತುರುಕಿದೆ. ಅವತ್ತು ಅವರ ತುಟಿ ನೀಲಿಯಾಗಿದ್ದು ನೋಡಿ ನಮ್ಮ ಗ್ಯಾಲರಿಯ ಖೋಲಿಗಳ ಗಂಡಸರು ಕುರ್ಚಿಯಲ್ಲಿ ಹೊತ್ತುಕೊಂಡು ಮೂರು ಮಾಳಿಗೆ ಇಳಿಸಿದರು. ಆಸ್ಪತ್ರೆಯಲ್ಲಿ ಎಂಟು ದಿನ. ಜಾಬರ್ ಇನ್ನೊಂದು ಮಾತು ಕಳಿಸಿದ: ಇನ್ನು ಒಂದೇ ಸಲ.

ಭಾದ್ರಪದದ ಅಮಾವಾಸ್ಯೆ ಬಂತು. ಅವತ್ತು ಬೆಳಿಗ್ಗೆ ನಾನು ಹೊರಗೆ ಕೂತೆ. ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಟ್ಟಾದವಳು ದೃಷ್ಟಿ ತೆಗೆಯುವಂತಿಲ್ಲ. ಅಕ್ಕನೂ ಊರಿಗೆ ಹೋಗಿದ್ದಳು. ನಮ್ಮವರೇ ಸ್ಟೋವಿನ ಮೇಲೆ ಅನ್ನ ಬೇಯಿಸಿದರು, ಅರ್ಧ ಮುದ್ದೆ, ಅರ್ಧ ಅಕ್ಕಿ. ನಾನು ಗ್ಯಾಲರಿಯಲ್ಲಿ ಕಂಬಳಿಯ ಮೇಲೆ ಕೂತು, ನಾಳೆ ಇವರ ಗತಿ ಏನು ಎಂದುಕೊಳ್ಳುತ್ತ ಅದನ್ನೇ ತಿಂದೆ.

ಬೆಳಗಾಯಿತು. ಅವರು ಎದ್ದು, ಹಲ್ಲುಜ್ಜಿ, ಡಬ್ಬಿ ಹಿಡಿದು ಪಾಳಿಗೆ ಹೋದರು. ಮರುದಿನವೂ ಹೋದರು. ಅದರ ಮರುದಿನವೂ.

ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ ಬಂದೆ, ಕ್ಯಾಲೆಂಡರಿನ ಮುಂದೆ ನಿಂತೆ. ಅಮಾವಾಸ್ಯೆ ಇತ್ತು, ಬೊಟ್ಟು ಇರಲಿಲ್ಲ. ಏನು ಇರಲಿಲ್ಲ ಆ ದಿನ? ನಾನಿರಲಿಲ್ಲ. ನನ್ನ ಮೆಣಸಿನಕಾಯಿ ಇರಲಿಲ್ಲ. ಸಾಲೆ ಕಲಿಯದವಳಿಗೂ ಇಷ್ಟು ತಿಳಿಯುತ್ತದೆ. ಬಹಳ ತಡವಾಗಿ ತಿಳಿಯಿತು, ಅದು ಬೇರೆ.

ಸಂಜೆ ಚಹಾ ಕೊಟ್ಟು ಹೇಳಿದೆ, “ಒಂದು ಮಾತ ಹೇಳತೀನ್ರಿ, ಬೈಬ್ಯಾಡ್ರಿ.”

“ಬೈಯಾಕ ದಮ್ಮ ಬೇಕಲ್ಲ. ಹೇಳು.”

“ನಿಮ್ಮನ್ನ ತಿಂಗಳಾ ತಿಂಗಳಾ ಹಾಸಿಗಿಗೆ ಕೆಡವಿದ್ದು ಅಮಾಸಿ ಅಲ್ರಿ. ನಾನು. ಮೆಣಸಿನಕಾಯಿ ಹೊಗಿ.”

ಅವರು ಚಹಾದ ಬಶಿ ಕೆಳಗಿಟ್ಟು ನನ್ನನ್ನೇ ನೋಡಿದರು. “ಗಿರಣ್ಯಾಗ ಜಾಬರ, ಮನ್ಯಾಗ ನೀನು. ಹಂಗಾದ್ರ ನಾ ಉಸಿರಾಡೂದು ಎಲ್ಲಿ, ಹಾದ್ಯಾಗ ಏನ?” ಎಂದು ನಗತೊಡಗಿದರು. ನಕ್ಕು ನಕ್ಕು ಕೆಮ್ಮಿದರು.

“ನಗಬ್ಯಾಡ್ರಿ. ಹೊಗಿ ಅಂದ ಮ್ಯಾಲ ನಿಮ್ಮ ಬೀಡಿನೂ ಹೊಗಿನ.”

ನಗು ನಿಂತಿತು. ಸಂಡಾಸಿಗೆ ಹೋದಾಗ ಕದ್ದು ಸೇದುವುದು ನನಗೆ ಗೊತ್ತಿಲ್ಲ ಎಂದುಕೊಂಡಿದ್ದರು. ಅರ್ಧ ಕಟ್ಟು ತೆಗೆದು ಕೈಗೆ ಕೊಟ್ಟರು. ಇನ್ನರ್ಧ ಎಲ್ಲಿ ಎಂದು ಕೇಳಿದೆ, ಅದನ್ನೂ ಕೊಟ್ಟರು.

ಊರಿಂದ ಬಂದ ಅಕ್ಕನಿಗೆ ಹೇಳಿದರೆ ಒಪ್ಪಲಿಲ್ಲ. “ನೀ ಒಬ್ಬಾಕಿ ಹುಟ್ಟಿದಿ ನೋಡು, ದೃಷ್ಟಿಗಿಂತ ಶಾಣ್ಯಾಕಿ,” ಅಂದಳು. ಆದರೆ ಬೆಳಿಗ್ಗೆ ಸಿಗಡಿ ಹೊತ್ತಿಸುವುದನ್ನು ನಮ್ಮ ಬಾಗಿಲ ಮುಂದಿನಿಂದ ಗ್ಯಾಲರಿಯ ಆ ತುದಿಗೆ ಒಯ್ದಳು. ಬೇರೆ ಹೆಂಗಸರಿಗೂ ಅವಳೇ ಹೇಳಿದಳು, ತನ್ನದೇ ಬುದ್ಧಿ ಎನ್ನುವಂತೆ. ನನಗೇನು, ಹೊಗೆ ಹೋಯಿತಲ್ಲ.

ಉಳಿದದ್ದು ದೀಪಾವಳಿ. ಅದೂ ಅಮಾವಾಸ್ಯೆಯೇ, ಮೇಲೆ ಪಟಾಕಿ. ನಮ್ಮ ಚಾಳಿನ ಅಂಗಳದಲ್ಲಿ ಆ ಮೂರು ದಿನ ಎದುರಿನ ಗೋಡೆ ಕಾಣಿಸುತ್ತಿರಲಿಲ್ಲ. ಗಂಟು ಕಟ್ಟಿ, ಅವರನ್ನು ಲೋಕಲ್ ರೈಲಿನಲ್ಲಿ ಕೂರಿಸಿ ಗೋರೆಗಾಂವಿನ ನನ್ನ ತಮ್ಮನ ಮನೆಗೆ ಕರೆದೊಯ್ದೆ. ಆಗ ಅಲ್ಲಿ ಹಿತ್ತಲಾಚೆ ಬಯಲಿತ್ತು, ಎಮ್ಮೆಗಳಿದ್ದವು. ನಮ್ಮವರು ಹುಣಸೆ ಗಿಡದ ಕೆಳಗೆ ಕೂತು ಮೂರು ಹೊತ್ತೂ ಹೋಳಿಗೆ ತಿಂದರು. ತಮ್ಮನ ಹೆಂಡತಿ ಸಂಜೆಗೆ, “ಅಣ್ಣಾರು ಭಾಳ ಸೊರಗ್ಯಾರ, ದೃಷ್ಟಿ ತಗೀತೀನಿ,” ಎಂದು ಮೆಣಸಿನಕಾಯಿ ಡಬ್ಬಿ ತೆಗೆದಳು. ಡಬ್ಬಿ ಕಸಿದುಕೊಂಡೆ. ಎರಡು ದಿನ ಮುಖ ಊದಿಸಿಕೊಂಡಿದ್ದಳು. ಊದಿಸಿಕೊಳ್ಳಲಿ.

ಹಬ್ಬ ಮುಗಿದ ಮರುದಿನ ಅವರು ಪಾಳಿಗೆ ಹಾಜರಾದರು. ಜಾಬರ್ ಮಾತಿಗೆ ನಿಂತ. ಬಟ್ಟೆ ಮಡಚುವ ಖಾತೆಗೆ ಹೋದರು. ಸಂಜೆ ಮನೆಗೆ ಬಂದಾಗ ಮೀಸೆ ಕಪ್ಪಗಿತ್ತು. ದಮ್ಮು ಪೂರ್ತಿ ಹೋಗಲಿಲ್ಲ, ಮೂರು ಮಾಳಿಗೆ ಹತ್ತಲು ಎರಡು ಕಡೆ ನಿಲ್ಲುತ್ತಿದ್ದರು. ನಿಂತರೇನು, ಹತ್ತುತ್ತಿದ್ದರು.

ಮುಂದಿನ ಅಮಾವಾಸ್ಯೆಯ ಸಂಜೆ ನಾನು ರೊಟ್ಟಿ ತಟ್ಟುತ್ತಿದ್ದೆ. ಅವರು ತಾವೇ ಮಣೆ ಹಾಕಿಕೊಂಡು ಪೂರ್ವಕ್ಕೆ ಮುಖ ಮಾಡಿ ಕೂತರು.

“ಏನ, ಇವತ್ತ ಏನೂ ಇಲ್ಲೇನ?”

“ಎದಕ?”

“ಅಮಾಸಿ ಐತಲ್ಲ.”

ಇಷ್ಟು ವರ್ಷ ಈ ಗಂಡಸು ಕೆಮ್ಮುತ್ತ ಕೂತಿದ್ದು ದೃಷ್ಟಿಗಾಗಿ ಅಲ್ಲ ಎಂದು ಆಗ ತಿಳಿಯಿತು. ತಿಂಗಳಿಗೊಮ್ಮೆ ಹೆಂಡತಿ ತನ್ನ ಸುತ್ತ ಕೈ ಆಡಿಸುವುದು ಅವರಿಗೆ ಬೇಕಿತ್ತು. ಹಿಟ್ಟಿನ ಕೈ ತೊಳೆದು, ಬರೀ ಉಪ್ಪು ಮುಷ್ಟಿಯಲ್ಲಿ ಹಿಡಿದು ಮೂರು ಸಲ ಇಳಿತೆಗೆದೆ. ತಂಬಿಗೆಯ ನೀರಿಗೆ ಹಾಕಿ ಮೋರಿಗೆ ಸುರಿದೆ. ಬಾಗಿಲು ತೆರೆದೇ ಇತ್ತು.

ಉಪ್ಪಿಗೆ ಘಾಟಿಲ್ಲ. ದೃಷ್ಟಿ ಇತ್ತೋ ಇಲ್ಲವೋ ತಿಳಿಯುವ ದಾರಿಯೂ ಇಲ್ಲ. ಮರುದಿನ ಅವರು ಡಬ್ಬಿ ಹಿಡಿದು ಹೋದರು, ಕ್ಯಾಲೆಂಡರಿನ ಆ ಮನೆ ಖಾಲಿ ಉಳಿಯಿತು.