ಕೊಟ್ಟುಬಿಟ್ಟ ಲೈಟರು

ನನ್ನ ಲೈಟರು ಈಗ ಇನ್ನೊಬ್ಬನ ಜೇಬಿನಲ್ಲಿದೆ. ಯಾರೂ ಕದ್ದದ್ದಲ್ಲ, ಎಲ್ಲೋ ಬಿದ್ದುಹೋದದ್ದಲ್ಲ, ನಾನೇ ಕೈಯಾರೆ ಕೊಟ್ಟದ್ದು. ಕೊಟ್ಟ ಮೇಲೆ ಅದು ಕೆಟ್ಟು ಮೂಲೆ ಸೇರಿದ್ದರೆ ಅಯ್ಯೋ ಎಂದು ಸುಮ್ಮನಾಗುತ್ತಿದ್ದೆ. ಅದು ನನ್ನ ಹತ್ತಿರ ಇದ್ದಾಗಿನದಕ್ಕಿಂತ ಅಲ್ಲಿ ಚೆನ್ನಾಗಿ ಉರಿಯಿತು ನೋಡಿ, ಅದನ್ನು ಸಹಿಸಲು ನನ್ನಿಂದ ಆಗಲಿಲ್ಲ.

ನಾನು ಸಿಂಗಾಪುರದ ಟುವಾಸಿನಲ್ಲಿ ಪಂಪು ತಯಾರಿಸುವ ಒಂದು ಫ್ಯಾಕ್ಟರಿಯಲ್ಲಿ ಎಂಜಿನಿಯರ್. ಮನೆ ಚೋವಾ ಚು ಕಾಂಗಿನಲ್ಲಿ. ಫ್ಯಾಕ್ಟರಿಯ ಹಿಂದುಗಡೆ ತಗಡಿನ ಮಾಡಿನ ಒಂದು ಶೆಡ್ಡಿದೆ. ಸಿಗರೇಟು ಸೇದಲು ಅಲ್ಲಿ ಮಾತ್ರ ಅನುಮತಿ. ಒಂದು ಬೆಂಚು, ಬೂದಿಯ ಡಬ್ಬ, ಸಮುದ್ರದ ಕಡೆಯಿಂದ ನುಗ್ಗುವ ಗಾಳಿ, ಅಷ್ಟೇ ಅಲ್ಲಿರುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಿನಿಮಾರ್ಟಿನ ಪ್ಲಾಸ್ಟಿಕ್ ಲೈಟರು ಹಿಡಿದು ಗಾಳಿಗೆ ಬೆನ್ನು ಮಾಡಿ ಉಜ್ಜುತ್ತಾ ನಿಂತಿದ್ದೆ. ಆಗ ಸ್ಟೋರ್ಸಿನ ಮುಖ್ಯಸ್ಥ ಬಂದ. ಇಲ್ಲಿಯೇ ಹುಟ್ಟಿ ಬೆಳೆದ ಚೀನೀ ಮನುಷ್ಯ, ವಯಸ್ಸಿನಲ್ಲಿ ನನಗಿಂತ ದೊಡ್ಡವನು. ಶರ್ಟಿನ ಜೇಬು, ಪ್ಯಾಂಟಿನ ಜೇಬು ಎಲ್ಲವನ್ನೂ ತಟ್ಟಿಕೊಂಡು, ಬೆಂಕಿ ಇದೆಯಾ ಎಂದು ಕೇಳಿದ.

"ಬ್ರದರ್, ಗಾಟ್ ಫೈರ್ ಆರ್ ನಾಟ್?"

ಇತ್ತು, ಆದರೆ ಹತ್ತುತ್ತಿರಲಿಲ್ಲ. ನನ್ನ ಹೆಬ್ಬೆರಳು ಕೆಂಪಗಾಯಿತು. ಅವನು ಸಿಗರೇಟನ್ನು ತುಟಿಯಲ್ಲಿಟ್ಟುಕೊಂಡು ಯಾವ ಅವಸರವೂ ಇಲ್ಲದೆ ಕಾದ. ಕಾಯುತ್ತಲೇ ನನ್ನ ಊರು ಯಾವುದು, ಮಗಳು ಎಷ್ಟನೇ ಕ್ಲಾಸು, ಕಂಪನಿ ಬಸ್ಸಿನಲ್ಲಿ ನಿದ್ದೆ ಬರುತ್ತದೋ ಇಲ್ಲವೋ ಎಲ್ಲ ಕೇಳಿ ಮುಗಿಸಿದ. ಮಾರನೆಯ ದಿನವೂ ಬಂದು ಜೇಬು ತಟ್ಟಿಕೊಂಡ. ನಟ್ಟು ಬೋಲ್ಟಿನಿಂದ ಹಿಡಿದು ಪ್ಯಾಂಟ್ರಿಯ ಟೀ ಬ್ಯಾಗಿನವರೆಗೆ ಆ ಫ್ಯಾಕ್ಟರಿಯ ಸಾಮಾನೆಲ್ಲ ಇವನ ಬೀಗದ ಕೆಳಗೇ ಇರುತ್ತದೆ. ಇಂಥವನ ಬಳಿ ಒಂದು ಲೈಟರು ಇಲ್ಲವಲ್ಲ ಎಂದು ನನಗೆ ನಗು ಬಂತು. ಜೊತೆಗೆ, ಪಾಪ, ನನ್ನನ್ನು ನಂಬಿ ಬಂದವನನ್ನು ಗಾಳಿಯಲ್ಲಿ ನಿಲ್ಲಿಸುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಆ ವಾರವೇ ಒಳ್ಳೆಯ ಲೈಟರು ಕೊಳ್ಳಲು ಹೊರಟೆ.

ಅಂಗಡಿಯಲ್ಲಿ ಎರಡು ಬಗೆಯವು ಇದ್ದವು, ಗ್ಯಾಸ್ ತುಂಬುವಂಥದ್ದು, ಪೆಟ್ರೋಲಿನ ವಾಸನೆಯ ದ್ರವ ತುಂಬುವಂಥದ್ದು. ಗ್ಯಾಸಿನದು ನೋಡಲು ಶೋಕಿ. ಆದರೆ ಒಳಗಿನ ಪುಟ್ಟ ವಾಲ್ವು ಕೈಕೊಟ್ಟರೆ ಎಸೆಯಬೇಕಷ್ಟೆ. ಪಂಪಿನ ಜೊತೆ ಬಾಳುವವನಿಗೆ ವಾಲ್ವುಗಳ ಬುದ್ಧಿ ಗೊತ್ತಿಲ್ಲವೇ? ದ್ರವದ್ದರಲ್ಲಿ ಕೆಡುವುದೆಲ್ಲ ಬದಲಾಯಿಸಲು ಬರುವಂಥದ್ದೇ. ಬತ್ತಿ ಸಿಗುತ್ತದೆ, ಕಿಡಿ ಕಲ್ಲು ಸಿಗುತ್ತದೆ, ಒಳಗಿನ ಹತ್ತಿಯನ್ನೂ ಬದಲಾಯಿಸಬಹುದು. ಗಾಳಿಗೂ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಡ್ರ್ಯಾಗನ್ ಕೊರೆದದ್ದು, ಬಣ್ಣ ಬಳಿದದ್ದು ಯಾವುದೂ ಬೇಡವೆಂದು, ಬೆಳ್ಳಿ ಬಣ್ಣದ ಲೇಪವಿದ್ದ ಸಾದಾ ಹಿತ್ತಾಳೆಯದನ್ನು ಆರಿಸಿದೆ. ಕೀಲು ಅಲ್ಲಾಡುತ್ತದೆಯೇ ಎಂದು ಮುಚ್ಚಳವನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ, ಅಂಗಡಿಯಾಕೆ ಮುಖ ಸಿಂಡರಿಸಿದ ಮೇಲೆ ದುಡ್ಡು ಕೊಟ್ಟೆ.

ಈ ಜಾತಿಯ ಲೈಟರಿಗೆ ಒಂದು ಕೆಟ್ಟ ಬುದ್ಧಿ ಇದೆ. ಹಚ್ಚಿದರೂ ಹಚ್ಚದಿದ್ದರೂ ವಾರದಲ್ಲಿ ತಾನಾಗಿ ಒಣಗುತ್ತದೆ, ಇಲ್ಲಿಯ ಸೆಕೆಯಲ್ಲಿ ಇನ್ನೂ ಬೇಗ. ಹಾಗಾಗಿ ಪ್ರತಿ ಭಾನುವಾರ ತಿಂಡಿಯಾದ ಮೇಲೆ ಹಳೆಯ ಪೇಪರು ಹಾಸಿಕೊಂಡು ಕೂರುತ್ತಿದ್ದೆ. ಹೊರಕವಚದಿಂದ ಒಳಭಾಗವನ್ನು ಎಳೆದು ತೆಗೆಯಬೇಕು. ತಳದ ಬಟ್ಟೆಯನ್ನು ಎತ್ತಿ, ಹತ್ತಿ ನೆನೆಯುವಷ್ಟೇ ದ್ರವ ಬಿಡಬೇಕು. ಆಸೆಬಿದ್ದು ಜಾಸ್ತಿ ಹಾಕಿದರೆ ಜೇಬಿನಲ್ಲಿ ಸೋರಿ ತೊಡೆಯ ಚರ್ಮ ಉರಿಯುತ್ತದೆ. ಅದನ್ನು ನಾನು ತೊಡೆಯ ಮೇಲೆಯೇ ಕಲಿತೆ. ಕರಕಲಾದ ಬತ್ತಿಯ ತುದಿಯನ್ನು ಸ್ವಲ್ಪ ಎಳೆದು ಕತ್ತರಿಸಿ, ಕೈಯನ್ನೂ ಲೈಟರನ್ನೂ ಒರೆಸಿ, ವಾಸನೆ ಹೋಗುವ ತನಕ ಬೆಂಕಿ ಹಚ್ಚದೆ ಸುಮ್ಮನೆ ಕೂರಬೇಕು.

"ಆಯ್ತೇನ್ರೀ ನಿಮ್ಮ ಕೂಸಿನ ಎಣ್ಣೆಸ್ನಾನ?" ಎಂದು ಹೆಂಡತಿ ಅಡುಗೆಮನೆಯಿಂದ ಕೇಳುತ್ತಿದ್ದಳು. "ಒಂದಿನ ನನ್ ಮಿಕ್ಸಿನೂ ಹಿಂಗೇ ಬಿಚ್ಚಿ ಕ್ಲೀನ್ ಮಾಡಿ, ನೋಡೋಣ."

ಇಷ್ಟೆಲ್ಲ ಮಾಡಿಯೂ ಅದು ಒಂದೇ ಸಲಕ್ಕೆ ಹತ್ತುತ್ತಿದ್ದುದು ಅಪರೂಪ. ಎರಡು ಮೂರು ಸಲ ತಿರುವಬೇಕಿತ್ತು. ಪರವಾಗಿಲ್ಲ, ಬೆಳಗಿನ ಟೀ ಹೊತ್ತಿಗೆ ಮತ್ತು ಸಂಜೆ ನಾಲ್ಕಕ್ಕೆ ಗೆಳೆಯ ಬಂದು ಜೇಬು ತಟ್ಟಿಕೊಳ್ಳುತ್ತಿದ್ದ, ನಾನು ಮೊದಲು ಅವನದ್ದು ಹಚ್ಚಿ ಆಮೇಲೆ ನನ್ನದು ಹಚ್ಚಿಕೊಳ್ಳುತ್ತಿದ್ದೆ. ವಾರಾಂತ್ಯದಲ್ಲಿ ನಮ್ಮ ಕನ್ನಡದವರ ಮನೆಗಳಲ್ಲಿ ಸೇರಿದರೆ ಕಾಂಡೋ ರೇಟು, ಕಾಯಂ ವಾಸದ ಪಿಆರ್ ಬಂತಾ, ಮಗಳಿಗೆ ಯಾವ ಟ್ಯೂಷನ್ ಎನ್ನುವ ಮಾತೇ. ಅಲ್ಲಿ ನಾನು ಯಾವಾಗಲೂ ಸ್ವಲ್ಪ ಹೊಟ್ಟೆ ಒಳಗೆಳೆದುಕೊಂಡೇ ಕೂತಿರುತ್ತೇನೆ. ಶೆಡ್ಡಿನಲ್ಲಿ ಅದು ಬೇಕಿರಲಿಲ್ಲ. ಅವನು ತನ್ನ ಮೊಣಕಾಲು ನೋವು ಹೇಳುತ್ತಿದ್ದ, ನಾನು ಬಾಸಿನ ಮೇಲಿನ ಸಿಟ್ಟು ಹೇಳುತ್ತಿದ್ದೆ. ಅವನ ಮಗಳ ಮದುವೆ ಗೊತ್ತಾದದ್ದು ಅವನ ತಮ್ಮನಿಗಿಂತ ಮೊದಲು ನನಗೆ ತಿಳಿದಿತ್ತು. ಈ ದೇಶದಲ್ಲಿ ನನಗೆ ಇದ್ದ ಒಬ್ಬನೇ ಗೆಳೆಯ ಅವನು ಎಂದು ಹೇಳಿದರೆ ಹೆಚ್ಚಾಗಲಾರದು.

ಆಮೇಲೆ ಕಾಶಿಗೆ ಹೋದೆವು. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದನ್ನು ಅಲ್ಲೇ ಬಿಟ್ಟು ಬರಬೇಕು ಎನ್ನುವುದು ನಮ್ಮಲ್ಲಿಯ ರೂಢಿ. ಜಾಣರು ಹಾಗಲಕಾಯಿಯನ್ನೋ ಪಡವಲಕಾಯಿಯನ್ನೋ ಬಿಟ್ಟು ಬಂದು, ಜೀವನವಿಡೀ ಅದನ್ನು ತ್ಯಾಗ ಎಂದು ಹೇಳಿಕೊಂಡು ತಿರುಗುತ್ತಾರೆ. ನಾನೂ ಸೀಮೆಬದನೆಕಾಯಿ ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿಕೊಂಡಿದ್ದೆ. ಕೈಯಲ್ಲಿ ಗಂಗೆಯ ನೀರು ಹಿಡಿಸಿ ಪುರೋಹಿತರು, "ಏನು ಬಿಡ್ತೀರಿ?" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಿಂದ ಹೆಂಡತಿ, "ಸಿಗರೇಟು ಬಿಡ್ತಾರೆ" ಎಂದಳು. ಮಂತ್ರ ಮುಗಿದೇಹೋಯಿತು. ನೀರು ಬೆರಳ ಸಂದಿಯಿಂದ ಇಳಿಯಿತು. ಇಲ್ಲ, ಸೀಮೆಬದನೆಕಾಯಿ ಎಂದು ತಿದ್ದುವ ಧೈರ್ಯ ನನಗಿರಲಿಲ್ಲ.

ವಾಪಸು ಬಂದ ಮೇಲೆ ಲೈಟರು ಮೇಜಿನ ಡ್ರಾಯರಿನಲ್ಲಿ ಒಣಗುತ್ತಾ ಬಿತ್ತು. ಅದೇ ಹೊತ್ತಿಗೆ ನಮ್ಮ ಬೆಂಗಳೂರು ಆಫೀಸಿನಿಂದ ಒಬ್ಬ ಟ್ರಾನ್ಸ್‌ಫರ್ ಆಗಿ ಬಂದ. ಮೈಸೂರಿನವನು, ವಯಸ್ಸು ಮೂವತ್ತೈದರ ಆಸುಪಾಸು, ಬಾಯಿ ಮುಚ್ಚಿದ್ದನ್ನು ಯಾರೂ ನೋಡಿಲ್ಲ. ಅವನೂ ಪ್ಲಾಸ್ಟಿಕ್ ಲೈಟರು ಹಿಡಿದು ಶೆಡ್ಡಿಗೆ ಹೋಗುವುದನ್ನು ಕಂಡು ನನಗೆ ದೊಡ್ಡತನ ಉಕ್ಕಿತು. ಕರೆದು ಲೈಟರು ಕೊಟ್ಟೆ. ಅದರ ಜೊತೆ ಎಷ್ಟು ತುಂಬಬೇಕು, ಬತ್ತಿ ಯಾವಾಗ ಕತ್ತರಿಸಬೇಕು ಎಂದು ಅರ್ಧ ಗಂಟೆ ಕೊರೆದೆ. "ಅಯ್ಯೋ, ಇಷ್ಟು ಒಳ್ಳೇದು ನನಗ್ಯಾಕೆ ಸರ್" ಅಂದ. ಅಷ್ಟು ಹೇಳಿ ಜೇಬಿಗೆ ಹಾಕಿಕೊಂಡ.

ನನ್ನ ಕೋಣೆಯ ಕಿಟಕಿಯಿಂದ ಶೆಡ್ಡಿನ ಮಾಡು ಕಾಣುತ್ತದೆ. ಮಾಡಿನ ಕೆಳಗೆ ನಿಂತವರ ಬೂಟುಗಳು ಮಾತ್ರ ಕಾಣುತ್ತವೆ. ಬೆಳಗಿನ ಟೀ ಹೊತ್ತಿಗೆ ಎರಡು ಜೊತೆ ಬೂಟು. ಒಂದರ ಎಡಗಾಲು ಸ್ವಲ್ಪ ಓರೆ, ಅದು ಮೊಣಕಾಲು ನೋವಿನ ನನ್ನ ಗೆಳೆಯನದು. ಇನ್ನೊಂದು ಹೊಸಬನದು, ಹೊಳೆಯುವ ಬೂಟು, ಒಂದು ಕಡೆ ನಿಲ್ಲದು. ನಗು ಮೇಲಿನವರೆಗೆ ಕೇಳಿಸುತ್ತಿತ್ತು. ಇವತ್ತೂ ಜೇಬು ತಟ್ಟಿಕೊಂಡಿರುತ್ತಾನೆ, ಇವತ್ತೂ "ಗಾಟ್ ಫೈರ್?" ಎಂದಿರುತ್ತಾನೆ, ಆ ಹೊಸಬ ನನ್ನ ಲೈಟರಿನಿಂದ ಹಚ್ಚಿಕೊಟ್ಟಿರುತ್ತಾನೆ ಎಂದು ಕುದಿಯುತ್ತಾ ಡ್ರಾಯಿಂಗಿನ ಮೇಲೆ ಕಣ್ಣಿಟ್ಟಿರುತ್ತಿದ್ದೆ. ಹೆಂಡತಿ ಬೇರೆಯವನ ಜೊತೆ ನಕ್ಕಿದ್ದರೂ ನನಗೆ ಇಷ್ಟು ಉರಿಯುತ್ತಿತ್ತೋ ಇಲ್ಲವೋ.

ತಡೆಯಲಾರದೆ ಒಮ್ಮೆ ಟೀ ಕಪ್ಪು ಹಿಡಿದು ಕೆಳಗಿಳಿದೆ. ಸಿಗರೇಟು ಸೇದದೆ ಸುಮ್ಮನೆ ಪಕ್ಕದಲ್ಲಿ ನಿಂತರಾಯಿತು ಎಂದುಕೊಂಡಿದ್ದೆ. ಗೆಳೆಯ ನನ್ನನ್ನು ಕಂಡವನೇ ಸಿಗರೇಟನ್ನು ಬೆನ್ನ ಹಿಂದೆ ಮಾಡಿ, "ಯು ಸ್ಟಾಪ್ ಆಲ್ರೆಡಿ ವಾಟ್! ಡೋಂಟ್ ಸ್ಟ್ಯಾಂಡ್ ಹಿಯರ್ ಲಾ" ಎಂದು ನನ್ನನ್ನು ಅಟ್ಟಿದ. ಒಳ್ಳೆಯದಕ್ಕೇ ಹೇಳಿದ್ದು. ಆದರೆ ನನ್ನ ಕಿವಿಗೆ ಅದು, ಬೆಂಕಿ ಇಲ್ಲದವನಿಗೆ ಇಲ್ಲಿ ಏನು ಕೆಲಸ ಎಂದು ಕೇಳಿಸಿತು.

ಹೊಸಬ ಲೈಟರನ್ನು ಕೆಡಿಸಿದ್ದರೂ ಒಂದು ಸಮಾಧಾನ ಇರುತ್ತಿತ್ತು. ಅದೂ ಇಲ್ಲ. ಒಂದು ದಿನ ಕಾರಿಡಾರಿನಲ್ಲಿ ತಡೆದು, "ನೋಡಿ ಸರ್" ಎಂದು ಜೇಬಿನಿಂದ ತೆಗೆದು ಹಚ್ಚದೆ ಮುಚ್ಚಳ ಮಾತ್ರ ತೆರೆದು ತೋರಿಸಿದ. ಹೊಸ ಬತ್ತಿ, ಹೊಸ ಹತ್ತಿ. ಕೀಲನ್ನೂ ಬಿಗಿಮಾಡಿದ್ದ. "ಈಗ ಒಂದೇ ಸಲಕ್ಕೆ ಹತ್ತುತ್ತೆ ಸರ್. ಹತ್ತಿ ಗಟ್ಟಿ ಆಗ್ಬಿಟ್ಟಿತ್ತು, ಅದಕ್ಕೇ ನಿಮಗೆ ಅಷ್ಟು ಕಾಟ ಕೊಡ್ತಿತ್ತು ಅನ್ಸುತ್ತೆ." ನಾನು ಒಳ್ಳೆಯದಾಯಿತು ಎಂದೆ. ಹೋಗುತ್ತಾ ಅವನು ತಿರುಗಿ, "ಸ್ಟೋರ್ಸ್ ಅಂಕಲ್ ತಾತ ಆಗ್ತಿದ್ದಾರೆ, ಗೊತ್ತಲ್ಲ ಸರ್? ಮಗಳಿಗೆ ಈಗ ನಾಲ್ಕು ತಿಂಗಳಂತೆ" ಅಂದ.

"ಗೊತ್ತು, ಗೊತ್ತು" ಎಂದೆ. ನನಗೆ ಗೊತ್ತಿರಲಿಲ್ಲ.

ಆ ಶುಕ್ರವಾರ ಹೊಸಬನನ್ನು ಕರೆದು, "ಲೈಟರು ಕೊಡಿ, ಕಲ್ಲಿನ ಸ್ಪ್ರಿಂಗು ಸ್ವಲ್ಪ ನೋಡ್ಬೇಕು, ಸೋಮವಾರ ತಂದುಕೊಡ್ತೀನಿ" ಎಂದೆ. ಸ್ಪ್ರಿಂಗಿಗೆ ಏನೂ ಆಗಿರಲಿಲ್ಲ. ಮನೆಯಲ್ಲಿ ಅದನ್ನು ಕಂಡ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಇದ್ಯಾಕ್ರೀ ಮತ್ತೆ ಮನೆಗ್ ಬಂತು? ಗಂಗಾ ನೀರು ಕೈಲಿ ಹಿಡ್ಕೊಂಡ್ ಹೇಳಿದ್ದೀರ, ನೆನಪಿರಲಿ."

"ಹೇಳಿದ್ದು ನೀನು ಕಣೆ. ಇದು ರಿಪೇರಿಗೆ ಬಂದಿದೆ" ಎಂದೆ.

ರಿಪೇರಿ ಏನು ಬಂತು. ಒಳಭಾಗವನ್ನು ಎಳೆದು, ಮುಚ್ಚಳ ತೆರೆದು, ಬಟ್ಟೆ ಒಣಗಿಸುವ ಕಿಟಕಿಯ ಬಳಿ ಇಟ್ಟೆ. ಭಾನುವಾರ ಪೇಪರು ಹಾಸಲಿಲ್ಲ, ಒಂದು ಹನಿ ಹಾಕಲಿಲ್ಲ. ಗೆಳೆಯ ಜೇಬು ತಟ್ಟಿಕೊಂಡು ನಿಂತಿರಬೇಕು, ಹೊಸಬ ಉಜ್ಜಿ ಉಜ್ಜಿ ಬೆವರಬೇಕು, ಆಗ ಗೆಳೆಯನಿಗೆ ನನ್ನ ನೆನಪು ಬರಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಸೋಮವಾರ ಲೈಟರನ್ನು ವಾಪಸು ಕೊಟ್ಟೆ. ಟೀ ಹೊತ್ತಿಗೆ ಕಪ್ಪು ಹಿಡಿದು ಹೊಸಬನ ಹಿಂದೆಯೇ ಹೋದೆ, ಶೆಡ್ಡಿನಿಂದ ನಾಲ್ಕು ಹೆಜ್ಜೆ ಈಚೆಗೆ ನಿಂತೆ. ಗೆಳೆಯ ಆಗಲೇ ಬೆಂಚಿನ ಮೇಲಿದ್ದ, ಬಾಯಲ್ಲಿ ಸಿಗರೇಟು. ಹೊಸಬ ಮುಚ್ಚಳ ತೆರೆದು ತಿರುವಿದ. ಕಿಡಿ ಹಾರಿತು, ಬೆಂಕಿ ಬರಲಿಲ್ಲ. ಮತ್ತೆ ತಿರುವಿದ. ನನ್ನ ಎದೆಯೊಳಗೆ ಒಂದು ನೀಚ ಸಂತೋಷ ಎದ್ದು ಕೂತಿತು.

ಗೆಳೆಯ ಜೇಬು ತಟ್ಟಿಕೊಳ್ಳಲಿಲ್ಲ. ಬಲಗೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿ ಒಂದು ಲೈಟರು ತೆಗೆದ. ಒಂದೇ ಸಲಕ್ಕೆ ಹತ್ತಿಸಿದ. ಮೊದಲು ಹೊಸಬನದು ಹಚ್ಚಿದ, ಆಮೇಲೆ ತನ್ನದು.

"ಹೊಸದಾ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಅವನು ಅದನ್ನು ನನ್ನ ಕೈಗಿಟ್ಟ. ಅದು ನನ್ನ ಲೈಟರಿನ ಜಾತಿಯದೇ. ಮೇಲಿನ ಲೇಪವೆಲ್ಲ ಸವೆದು ನಾಲ್ಕೂ ಮೂಲೆಯಲ್ಲಿ ಹಿತ್ತಾಳೆ ಹಳದಿಯಾಗಿ ಕಾಣುತ್ತಿತ್ತು. ನನ್ನ ಲೈಟರು ಇಷ್ಟು ವರ್ಷ ನನ್ನ ಜೇಬಿನಲ್ಲಿದ್ದೂ ಅದರ ಒಂದು ಮೂಲೆ ಮಾತ್ರ ಹಾಗಾಗಿದೆ. ಇದು ನಾನು ಸಿಂಗಾಪುರಕ್ಕೆ ಬರುವ ಮುಂಚಿನಿಂದ ಅವನ ಜೇಬಿನಲ್ಲಿತ್ತು. ನಾನು ಪ್ಲಾಸ್ಟಿಕ್ ಲೈಟರು ಉಜ್ಜಿ ಬೆರಳು ಕೆಂಪಗೆ ಮಾಡಿಕೊಂಡ ದಿನವೂ ಅಲ್ಲೇ ಇತ್ತು.

"ಅಂಕಲ್ ಯಾವತ್ತೂ ಅವರದ್ರಲ್ಲೇ ಹಚ್ಕೊಳ್ಳೋದು ಸರ್" ಎಂದ ಹೊಸಬ. "ನನ್ನತ್ರ ಒಂದ್ಸಲಾನೂ ಕೇಳಿಲ್ಲ."

"ಮತ್ತೆ ನನ್ನ ಹತ್ತಿರ ಯಾಕೆ ಕೇಳುತ್ತಿದ್ದೆ?" ಎಂದು ಗೆಳೆಯನನ್ನು ಕೇಳಿದೆ. ನನ್ನ ದನಿ ನನಗೇ ಜಗಳದ ದನಿಯಂತೆ ಕೇಳಿಸಿತು.

ಅವನು ಹೊಗೆಯನ್ನು ನನ್ನಿಂದ ಆಚೆಗೆ ಬಿಟ್ಟ. "ಐ ಗಿವ್ ಯು ಫೈರ್, ಯು ಸೇ ಥ್ಯಾಂಕ್ಯೂ, ಯು ಗೋ. ಐ ಆಸ್ಕ್, ಯು ಸ್ಟೇ." ಆಮೇಲೆ ಹೊಸಬನ ಕಡೆ ಗಲ್ಲ ತಿರುಗಿಸಿ, "ದಿಸ್ ಒನ್ ನೋ ನೀಡ್ ಆಸ್ಕ್. ಟಾಕ್ ನಾನ್‌ಸ್ಟಾಪ್" ಎಂದ. ಹೊಸಬ ಬಿದ್ದುಬಿದ್ದು ನಕ್ಕ. ಗೆಳೆಯ ನಗದೆ, ಒಣಗಿದ ಲೈಟರನ್ನು ಹೊಸಬನ ಕೈಯಿಂದ ತೆಗೆದುಕೊಂಡು ಮೂಸಿ ನೋಡಿ, ನನ್ನ ಮುಖ ನೋಡಿ, ವಾಪಸು ಕೊಟ್ಟ. ನಾನು ಅಲ್ಲಿಂದ ಹೊರಟುಬಂದೆ.

ಆ ದಿನ ಸಂಜೆ ನಾಲ್ಕಕ್ಕೆ ನಾನು ಕಿಟಕಿಯ ಕಡೆ ಹೋಗಲಿಲ್ಲ. ಪ್ಯಾಂಟ್ರಿಯಲ್ಲಿ ಒಬ್ಬನೇ ನಿಂತು ನೀರು ಕಾಯಿಸುತ್ತಿದ್ದೆ. ಓರೆ ಹೆಜ್ಜೆಯ ಸದ್ದು ಮೆಟ್ಟಿಲು ಹತ್ತಿ ಬಂತು. ಆ ಮೊಣಕಾಲಿನಲ್ಲಿ ಅವನು ಮೇಲಿನ ಮಹಡಿಗೆ ಬರುವುದೇ ಇಲ್ಲ, ಏನಿದ್ದರೂ ಫೋನು. ಬಂದವನು ಖಾಲಿ ಕಪ್ಪು ಹಿಡಿದು ನನ್ನ ಮುಂದೆ ನಿಂತು, ಶರ್ಟಿನ ಜೇಬು ತಟ್ಟಿಕೊಂಡ, ಪ್ಯಾಂಟಿನ ಜೇಬು ತಟ್ಟಿಕೊಂಡ. ಸೊಂಟದಲ್ಲಿ ಸ್ಟೋರ್ಸಿನ ಬೀಗದ ಕೈಗೊಂಚಲು ಸದ್ದು ಮಾಡಿತು.

"ಬ್ರದರ್, ಗಾಟ್ ಟೀ ಬ್ಯಾಗ್ ಆರ್ ನಾಟ್?"

ಇತ್ತು. ಕೊಟ್ಟೆ. ಅವನು ತಾತನಾಗುತ್ತಿರುವ ಸುದ್ದಿ ಹೇಳಿದಾಗ, ಮೊದಲ ಸಲ ಕೇಳುತ್ತಿರುವವನ ಹಾಗೆ ಕೇಳಿದೆ.